ರೊಂಗೆಲಾಪ್ ದ್ವೀಪದ ಬಿಳಿ ಬೂದಿ



ಕಂಪ್ಯೂಟರ್ ಬಗ್ಗೆ ಮಾತಾಡಲು ನನ್ನನ್ನು ಕರೆದಿದ್ದೀರಿ. ಅದರ ಬದಲು ಒಂದು ತಪ್ಪು ಲೆಕ್ಕದ ಕಥೆ ಹೇಳುತ್ತೇನೆ, ಕ್ಷಮಿಸಿ.

1954ರ ಮಾರ್ಚ್ 1ರಂದು ಅಮೆರಿಕವು ಪೆಸಿಫಿಕ್ ಸಾಗರದ ಬಿಕಿನಿಯಲ್ಲಿ ಹೈಡ್ರೋಜನ್ ಬಾಂಬ್ ಸಿಡಿಸಿತು. ಅಂದಾಜು ಸುಮಾರು 6 ಮೆಗಾಟನ್, ಸಿಡಿದದ್ದು 15. ಬಾಂಬಿನೊಳಗಿನ ಲಿಥಿಯಂ-7 ಸುಮ್ಮನಿರುತ್ತದೆ ಎಂದು ವಿಜ್ಞಾನಿಗಳು ನಂಬಿದ್ದರು. ಅದು ಸುಮ್ಮನಿರಲಿಲ್ಲ. ನಮ್ಮ ಕೆಲಸದಲ್ಲಾದರೆ ಲೆಕ್ಕ ತಪ್ಪಿದಾಗ ರಾತ್ರಿಯೆಲ್ಲ ಕೂತು ತಿದ್ದುತ್ತೇವೆ.

ಸುಮಾರು 150 ಕಿ.ಮೀ. ದೂರದ ರೊಂಗೆಲಾಪ್ ದ್ವೀಪದ ಮೇಲೆ ಅಂದೇ ಬಿಳಿ ಬೂದಿ ಉದುರಿತು. ಮಕ್ಕಳು ಅದರಲ್ಲಿ ಆಟವಾಡಿದರು. ಎಲ್ಲರೂ ನಿಮಗಿಂತ ಚಿಕ್ಕವರು. ಮೊದಲು ವಾಂತಿ, ಆಮೇಲೆ ಸುಟ್ಟಗಾಯ, ಕೂದಲು ಉದುರುವುದು. ಊರವರನ್ನು ಅಲ್ಲಿಂದ ಸಾಗಿಸಿದ್ದು ಎರಡು ದಿನ ಕಳೆದ ಮೇಲೆ.

1957ರಲ್ಲಿ ಅವರನ್ನು ಅದೇ ದ್ವೀಪಕ್ಕೆ ವಾಪಸ್ ಕಳಿಸಿದರು! ಅಲ್ಲಿನ ತೆಂಗಿನಕಾಯಿ, ಏಡಿಗಳಲ್ಲಿ ಸೀಸಿಯಂ ಸೇರಿತ್ತು. ಅದು ಅರ್ಧಕ್ಕಿಳಿಯಲು 30 ವರ್ಷ ಬೇಕು. ಬೂದಿ ಬಿದ್ದಾಗ 10 ವರ್ಷದೊಳಗಿದ್ದ ಮಕ್ಕಳಲ್ಲಿ ಹೆಚ್ಚಿನವರಿಗೆ ಮುಂದೆ ಥೈರಾಯ್ಡ್ ಗಡ್ಡೆಗಳಾದವು. ಅಮೆರಿಕದ ವೈದ್ಯರು ವರ್ಷ ವರ್ಷ ಬಂದು ಪರೀಕ್ಷೆ ಮಾಡಿ ಹೋಗುತ್ತಿದ್ದರು.

ಕೊನೆಗೆ 1985ರಲ್ಲಿ ಊರವರೇ ನಿರ್ಧರಿಸಿ, ಗ್ರೀನ್‌ಪೀಸ್ ಸಂಸ್ಥೆಯ ಹಡಗಿನಲ್ಲಿ ದ್ವೀಪ ಬಿಟ್ಟರು. ಮನೆಗಳನ್ನೂ ಬಿಚ್ಚಿ, ಮರಮುಟ್ಟುಗಳನ್ನು ಜೊತೆಗೆ ಒಯ್ದರು.