ಮಗ್ಗದ ಮನೆಯಲ್ಲಿ ಇಂಗ್ಲಿಷ್ ಶಬ್ದಗಳು
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಕನ್ನಡ ಪಂಡಿತನಿಗೆ ಇಂಗ್ಲಿಷ್ ಶಬ್ದಗಳ ಗೊಡವೆ ಏಕೆಂದು ತಾವು ಕೇಳಬಹುದು. ಕಾರಣವಿದೆ. ಕೊಯಮತ್ತೂರಿನ ನಮ್ಮ ಮನೆಗಳಲ್ಲಿ ಒಂದು ಮಾತು ಮೇಲಿಂದ ಮೇಲೆ ನನ್ನ ಕಿವಿಗೆ ಬೀಳುತ್ತದೆ: "ಮೇಷ್ಟ್ರೆ, ಬೀದಿಗೆ ತಮಿಳು ಬೇಕು, ಉದ್ಯೋಗಕ್ಕೆ ಇಂಗ್ಲಿಷ್ ಬೇಕು, ಇವುಗಳ ನಡುವೆ ಮಗುವಿನ ತಲೆಗೆ ಕನ್ನಡದ ಹೊರೆಯೂ ಏಕೆ?" ಹೆತ್ತವರ ಈ ಅಳಲನ್ನು ನಾನು ಲಘುವಾಗಿ ಎಣಿಸುವವನಲ್ಲ. ಆದರೆ ಆ ಇಂಗ್ಲಿಷಿಗೇ ಕನ್ನಡವು ಹೇಗೆ ಒದಗಿಬರುತ್ತದೆಂಬುದನ್ನು ಈ ಹೊತ್ತು ಅರಿಕೆ ಮಾಡಿಕೊಳ್ಳಬಯಸುತ್ತೇನೆ.

ನೇಕಾರರ ಮನೆಯ ಹುಡುಗನೊಬ್ಬನು ತನ್ನ ಶಬ್ದಗಳ ಪುಸ್ತಕವನ್ನು ನನಗೆ ತೋರಿಸಿದನು. ಪುಟ ಪುಟವೂ ಕಠಿನ ಇಂಗ್ಲಿಷ್ ಶಬ್ದಗಳು. ಒಂದೊಂದರ ಎದುರಿಗೂ ಅಷ್ಟೇ ಕಠಿನವಾದ ಮತ್ತೊಂದು ಇಂಗ್ಲಿಷ್ ಶಬ್ದ. ಎಲ್ಲವೂ ಕಂಠಸ್ಥ. "ಕಾಂಟೆಕ್ಸ್ಟ್" ಎಂದರೇನಪ್ಪಾ ಎಂದೆ. "ಬ್ಯಾಕ್‌ಗ್ರೌಂಡ್" ಎಂದನು. ಹಾಗೆಂದರೆ? ಸುಮ್ಮನಾದನು.

ಲ್ಯಾಟಿನ್ ಭಾಷೆಯಲ್ಲಿ "ಟೆಕ್ಸೆರೆ" ಎಂದರೆ ನೇಯುವುದು. ನೇಯ್ದದ್ದು ಟೆಕ್ಸ್ಟೈಲ್. ಮಾತಿನಿಂದ ನೇಯ್ದದ್ದು ಟೆಕ್ಸ್ಟ್. ಬಟ್ಟೆಯನ್ನು ಬೆರಳಿನಿಂದ ಸವರಿದಾಗ ತಿಳಿಯುವ ನೇಯ್ಗೆಯ ಗುಣ ಟೆಕ್ಸ್ಚರ್. ಕೂಡಿಸಿ ನೇಯ್ದದ್ದು ಕಾಂಟೆಕ್ಸ್ಟ್. ಎದುರಿಗೆ ಪರದೆಯಂತೆ ನೇಯ್ದು ನಿಲ್ಲಿಸಿದ್ದು ಪ್ರಿಟೆಕ್ಸ್ಟ್, ಎಂದರೆ ನೆಪ. ಇನ್ನು ನಮ್ಮ "ಸಂದರ್ಭ" ಶಬ್ದವನ್ನು ನೋಡಿ: ಅದರ ಮೂಲಾರ್ಥವೂ ಕೂಡಿಸಿ ಹೆಣೆಯುವುದು, ಪೋಣಿಸುವುದು. ಸೂತ್ರವೆಂದರೆ ದಾರ, ಗ್ರಂಥವೆಂಬುದು ಗಂಟು ಹಾಕುವ, ಕಟ್ಟುವ ಧಾತುವಿನಿಂದ ಬಂದದ್ದು. ರೋಮಿನವರೂ ನಮ್ಮ ಹಿರಿಯರೂ ಒಬ್ಬರನ್ನೊಬ್ಬರು ಕೇಳಿಕೊಂಡು ಈ ಹೆಸರುಗಳನ್ನಿಟ್ಟವರಲ್ಲ. ಮಗ್ಗವನ್ನು ಕಂಡವರಿಗೆಲ್ಲ ಅದೇ ಹೋಲಿಕೆ ಹೊಳೆದಿದೆ. ಹಾಸು ಯಾವುದು, ಹೊಕ್ಕು ಯಾವುದು, ಲಾಳಿ ಎತ್ತ ಓಡುತ್ತದೆ ಎಂಬುದನ್ನು ಆ ಹುಡುಗನಿಗೆ ನಾನು ಹೇಳಿಕೊಡಬೇಕೆ? ಅರ್ಧ ಗಳಿಗೆಯಲ್ಲಿ ಐದು ಶಬ್ದಗಳು ಅವನ ವಶವಾದವು. ನೆಗಮಂ, ಸಿರುಮುಗೈಗಳಲ್ಲಿ ಕನ್ನಡವಾಡುತ್ತ ನೇಯುವ ದೇವಾಂಗ ಮನೆಗಳ ಮಕ್ಕಳಿಗೂ ಈ ಅನುಕೂಲ ಉಂಟು.

ನಮ್ಮ ಗಡಿನಾಡ ಮಕ್ಕಳಿಗೆ ಇನ್ನೊಂದು ಲಾಭವಿದೆ. ಮೈಸೂರಿನ ಮಕ್ಕಳಿಗೆ ಅದು ಇಷ್ಟು ಸುಲಭವಾಗಿ ದೊರೆಯದು. ಬೀದಿಯಲ್ಲಿ ಪಾಲ್, ಮನೆಯಲ್ಲಿ ಹಾಲು. ಬೀದಿಯಲ್ಲಿ ಪುಲಿ, ಮನೆಯಲ್ಲಿ ಹುಲಿ. ಅಲ್ಲಿ ಪೂ, ಇಲ್ಲಿ ಹೂ. ಹಳಗನ್ನಡದ ಪಂಪನಲ್ಲಿಯೂ ಪಕಾರವೇ ಇತ್ತು. ಹೊಸಗನ್ನಡದಲ್ಲಿ ಅದು ಹಕಾರವಾಯಿತು. ಲ್ಯಾಟಿನ್ನಿನ ಪಕಾರಕ್ಕೆ ಇಂಗ್ಲಿಷಿನ ಮನೆಮಾತುಗಳಲ್ಲಿ ಫಕಾರ ಬರುವುದೂ ಇಂಥದೇ ಒಂದು ನಿಯಮ. ಜರ್ಮನ್ ವಿದ್ವಾಂಸ ಜೇಕಬ್ ಗ್ರಿಮ್ ಇದನ್ನು 1822ರಲ್ಲಿ ವಿವರಿಸಿದನು. ತಂದೆ "ಫಾದರ್", ತಂದೆಗೆ ಸಂಬಂಧಿಸಿದ್ದು "ಪಟರ್ನಲ್". ಕಾಲು "ಫುಟ್", ಕಾಲ್ನಡೆಯವನು "ಪೆಡೆಸ್ಟ್ರಿಯನ್". ನಮ್ಮ ಪಿತೃ, ಪಾದಗಳೂ ಇವುಗಳ ಬಂಧುಗಳೇ. ಪಾಲ್-ಹಾಲು ಬಲ್ಲ ಮಗುವಿಗೆ ಈ ನಿಯಮವನ್ನು ಎರಡು ಸಲ ಹೇಳಬೇಕಾಗಿಲ್ಲ.

ಇಲ್ಲಿ ಒಂದು ಎಚ್ಚರಿಕೆ. ಇಂಗ್ಲಿಷೆಲ್ಲ ಸಂಸ್ಕೃತದಿಂದಲೇ ಹುಟ್ಟಿತೆಂದು ಹೆಮ್ಮೆಪಡುವವರಿದ್ದಾರೆ. ಅದು ಸರಿಯಲ್ಲ. ಸಂಸ್ಕೃತ, ಗ್ರೀಕ್, ಲ್ಯಾಟಿನ್‌ಗಳು ಒಂದೇ ಮೂಲದಿಂದ ಬಂದಿರಬೇಕೆಂದು ಸರ್ ವಿಲಿಯಂ ಜೋನ್ಸರು 1786ರಲ್ಲಿ ಕಲ್ಕತ್ತೆಯಲ್ಲಿ ಹೇಳಿದರು. ಆ ಸಂಬಂಧ ಅಕ್ಕತಂಗಿಯರದು. ಕನ್ನಡ ತಮಿಳುಗಳದು ಬೇರೆಯೇ ಮನೆತನ. ಕಿವಿಗೆ ಒಂದೇ ತೆರನಾಗಿ ಕೇಳಿಸಿದ ಮಾತ್ರಕ್ಕೆ ನೆಂಟಸ್ತಿಕೆ ಕಟ್ಟಬಾರದು. ನಿಘಂಟನ್ನು ತೆರೆದು ನೋಡಬೇಕು.

ನಿಘಂಟುಗಳಿಗೇನೂ ಕೊರತೆಯಿಲ್ಲ. ವಿಲಿಯಂ ರೀವರ ಇಂಗ್ಲಿಷ್-ಕನ್ನಡ ಕೋಶ 1824ರಲ್ಲಿಯೇ ಮದರಾಸಿನಲ್ಲಿ ಅಚ್ಚಾಯಿತು. ಕಿಟ್ಟೆಲ್ಲರ ಕನ್ನಡ-ಇಂಗ್ಲಿಷ್ ಕೋಶ 1894ರದು. ಅದರಲ್ಲಿ ಕನ್ನಡ ಶಬ್ದದ ಪಕ್ಕದಲ್ಲಿ ತಮಿಳಿನ ರೂಪವೂ ದೊರೆಯುವುದುಂಟು. ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್-ಕನ್ನಡ ನಿಘಂಟು 1946ರಲ್ಲಿ ಹೊರಬಂತು. ದಿನಕ್ಕೆ ಮೂರು ಶಬ್ದ ಸಾಕು. ಇಂಗ್ಲಿಷ್ ಶಬ್ದ, ಕನ್ನಡದ ಅರ್ಥ, ಮಗುವೇ ಕಟ್ಟಿದ ಒಂದು ವಾಕ್ಯ: ಇಷ್ಟನ್ನು ಬರೆಯಿಸಿರಿ. ವಾಕ್ಯ ತಪ್ಪಾದರೆ ಗದರಿಸಬೇಡಿ; ಅರ್ಥ ಎಲ್ಲಿ ಜಾರಿತೆಂಬುದು ತಪ್ಪಿನಿಂದಲೇ ಗೊತ್ತಾಗುವುದು.

ಕಡೆಯದಾಗಿ ಒಂದು ಬಿನ್ನಹ. ಮಗ್ಗದ ಅಂಗಾಂಗಗಳಿಗೆ ತಮ್ಮ ಮನೆಗಳಲ್ಲಿ ಬಳಕೆಯಲ್ಲಿರುವ ಕನ್ನಡ ಹೆಸರುಗಳೆಲ್ಲ ನನಗೆ ಬಾರವು. ಇಲ್ಲಿ ಕುಳಿತಿರುವ ಹಿರಿಯ ನೇಕಾರರು ಸಭೆ ಮುಗಿದ ಮೇಲೆ ಸ್ವಲ್ಪ ಹೊತ್ತು ನಿಂತು ಬರೆಯಿಸಿದರೆ ಉಪಕಾರವಾದೀತು. ಪುಸ್ತಕವನ್ನು ಜೊತೆಗೇ ತಂದಿದ್ದೇನೆ.