ಮೊಗವಾಡದ ಹಿಂದಿನ ಮನುಷ್ಯ



ಮಟ್ಟಾಂಚೇರಿಯ ಹಳೆಯ ಸಾಮಾನಿನ ಅಂಗಡಿಗಳಲ್ಲಿ ಮೊಗವಾಡಗಳು ತೂಗುವುದನ್ನು ತಾವು ಕಂಡಿರಬಹುದು. ಕೊಳ್ಳುವವರಿಗೆ ಅದು ಮನೆಯ ಅಲಂಕಾರ. ಆದರೆ ಮೊಗವಾಡ ಹುಟ್ಟಿದ್ದು ಗೋಡೆಗಾಗಿ ಅಲ್ಲ, ಮನುಷ್ಯನ ಮುಖಕ್ಕಾಗಿ.

ಸೈಬೀರಿಯದ ತುಂಗೂಸ್ ಜನರು, ಆವೇಶಗೊಂಡು ದೇವತೆಗಳೊಡನೆ ಮಾತನಾಡಿ ರೋಗ ಕಳೆಯುವವನನ್ನು ‘ಶಾಮನ್’ ಎನ್ನುತ್ತಾರೆ. ವಿದ್ವಾಂಸರು ಲೋಕದ ಇಂಥ ಮಧ್ಯಸ್ಥರಿಗೆಲ್ಲ ಆ ಹೆಸರನ್ನೇ ಬಳಸಿದರು. ನಮ್ಮಲ್ಲಿ ಇದಕ್ಕೆ ಸಮೀಪವಾದುದು ತುಳುನಾಡಿನ ಭೂತಕೋಲ. ‘ಕೋಲ’ವೆಂದರೆ ರೂಪ, ವೇಷ, ಮಲಯಾಳದ ‘ಕೋಲಂ’ ಸಹ ಅದೇ ಮಾತು.

ಕೊಚ್ಚಿ ತಿರುವನಂತಪುರಗಳ ನಡುವಣ ಪತ್ತನಂತಿಟ್ಟ ಜಿಲ್ಲೆಯ ಕಡಮ್ಮನಿಟ್ಟದಲ್ಲಿ, ಭಗವತಿಯ ಮುಂದೆ ಪಡಯಣಿ ನಡೆಯುತ್ತದೆ. ಅಲ್ಲಿ ಕೋಲಗಳನ್ನು ಹಸಿ ಅಡಿಕೆ ಹಾಳೆಯ ಮೇಲೆ ಬರೆಯುತ್ತಾರೆ. ದೊಡ್ಡ ಭೈರವಿ ಕೋಲಕ್ಕೆ ೧೦೧ ಹಾಳೆಗಳು ಬೇಕು. ಯಕ್ಷಿ, ಪಕ್ಷಿ, ಕಾಲನ್, ರೋಗದ ಭಯವೇ ರೂಪ ತಾಳಿದಂತಿರುವ ಮರುತ, ಹೀಗೆ ಕೋಲಗಳು ಹಲವು. ಭಯಕ್ಕೆ ಒಂದು ಮುಖ ಕೊಟ್ಟು, ತಾಳಕ್ಕೆ ಕುಣಿಸಿ, ಊರು ಅದನ್ನು ಕಳುಹಿಸಿಕೊಡುತ್ತದೆ.

ಭೂತಕೋಲದ ದಾರಿ ಬೇರೆ. ಅಲ್ಲಿ ದೈವವನ್ನು ಬರಮಾಡಿಕೊಳ್ಳುತ್ತಾರೆ. ನಲಿಕೆ, ಪಂಬದ, ಪರವ ಜಾತಿಯ ನರ್ತಕನು ಪಾಡ್ದನ ಹಾಡಿ, ಮುಖಕ್ಕೆ ಬಣ್ಣ ಬರೆದು, ಕಾಲಿಗೆ ಗಗ್ಗರ ಕಟ್ಟುತ್ತಾನೆ. ಪಂಜುರ್ಲಿಯಾದರೆ ಹಂದಿಯ ಮೊಗವುಂಟು. ಆವೇಶ ಬಂದ ಮೇಲೆ ಆಡುವ ನುಡಿ ದೈವದ್ದು. ಜಮೀನಿನ ಒಡೆಯನೂ ಕೈಮುಗಿದು ಕೇಳಬೇಕು, ವ್ಯಾಜ್ಯಕ್ಕೆ ತೀರ್ಪು ಪಡೆಯಬೇಕು. ಆದರೆ ಬೆಳಗಾಗಿ ಬಣ್ಣ ತೊಳೆದ ಮೇಲೆ, ಅದೇ ಮನುಷ್ಯ ಹಿಂದಿನ ಕಾಲದಲ್ಲಿ ಆ ಒಡೆಯನ ಹೊಸ್ತಿಲನ್ನು ತುಳಿಯುವಂತಿರಲಿಲ್ಲ!

ಉತ್ತರ ಕೇರಳದ ಪೊಟ್ಟನ್ ತೆಯ್ಯಂ ಈ ಅನ್ಯಾಯವನ್ನೇ ಪ್ರಶ್ನಿಸುತ್ತದೆ. ದಾರಿ ಬಿಡು ಎಂದ ಶಂಕರಾಚಾರ್ಯರನ್ನು ಚಂಡಾಲನ ರೂಪದ ಶಿವನು ತಡೆದು, ನಿನ್ನ ರಕ್ತಕ್ಕೂ ನನ್ನ ರಕ್ತಕ್ಕೂ ಭೇದವೇನೆಂದು ಕೇಳಿದ ಕಥೆ ಅದು. ಕೇಳುವ ಬಾಯಿ ಮೊಗವಾಡದ ಹಿಂದಿದೆ. ಬರಿಯ ಮುಖದಲ್ಲಿ ಕೇಳಿದ್ದರೆ ಅಂದು ಯಾರು ಸಹಿಸುತ್ತಿದ್ದರು?

೨೦೨೨ರಲ್ಲಿ ‘ಕಾಂತಾರ’ ಚಿತ್ರ ಬಂದು ದೈವದ ಹೆಸರು ದೇಶವೆಲ್ಲ ಹಬ್ಬಿತು. ಆ ವರ್ಷದ ಅಕ್ಟೋಬರಿನಲ್ಲೇ ಕರ್ನಾಟಕ ಸರ್ಕಾರ, ೬೦ ದಾಟಿದ ದೈವನರ್ತಕರಿಗೆ ತಿಂಗಳಿಗೆ ೨,೦೦೦ ರೂಪಾಯಿ ಮಾಸಾಶನ ಪ್ರಕಟಿಸಿತು. ಒಳ್ಳೆಯದೇ. ಆದರೆ ರಾತ್ರಿ ಕೈಮುಗಿದವರು ಹಗಲಿನಲ್ಲಿ ಆ ಮನುಷ್ಯನನ್ನು ಸರಿಸಮನಾಗಿ ಕೂರಿಸಿ ಮಾತನಾಡಿಸುವುದು ಸರ್ಕಾರದ ಆಜ್ಞೆಯಿಂದ ಬರುವುದಲ್ಲ. ಅದು ನಮ್ಮ ನಮ್ಮ ಮನೆಗಳಲ್ಲಿ ಆಗಬೇಕಾದ ಕೆಲಸ. ಹೊಟ್ಟೆಪಾಡಿಗಾಗಿ ಪರಊರಿಗೆ ಬಂದು, ಕೆಲಸಕ್ಕೆ ಬೇಕಾಗಿ ಮನುಷ್ಯನಾಗಿ ಬೇಡವಾಗುವ ನೋವನ್ನು ಬಲ್ಲ ನಮಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ.