ಈಚಲ ಮರವೂ ಕೊಳಗವೂ

ಸುವರ್ಣಗಿರಿಯ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರ ಕ್ಷೇಮ ವಿಚಾರಿಸಿ, ಆಮೇಲೆ ದೊರೆಯ ಮಾತನ್ನು ತಿಳಿಸುತ್ತಾರೆ. ಚಿತ್ರದುರ್ಗ ಸೀಮೆಯ ಬ್ರಹ್ಮಗಿರಿಯ ಅಶೋಕ ಶಾಸನ ಶುರುವಾಗುವುದು ಹೀಗೆ. 1892ರಲ್ಲಿ ಬಿ.ಎಲ್. ರೈಸ್ ಬೆಳಕಿಗೆ ತಂದ ಈ ಶಾಸನದ ಪ್ರಕಾರ ದೊಡ್ಡವರಷ್ಟೇ ಅಲ್ಲ, ಸಣ್ಣವರೂ ಶ್ರಮಪಟ್ಟರೆ ಸ್ವರ್ಗ ಪಡೆಯಬಲ್ಲರು. ಉದಾರವಾದ ಮಾತು, ಸಂಶಯವಿಲ್ಲ. ಆದರೆ ಅದು ಇಳಿದು ಬಂದ ದಾರಿಯನ್ನೂ ಗಮನಿಸಬೇಕು. ದೊರೆಯಿಂದ ರಾಜಕುಮಾರನಿಗೆ, ಅವನಿಂದ ಅಧಿಕಾರಿಗೆ, ಅಧಿಕಾರಿಯಿಂದ ಬಂಡೆಗೆ, ಅದೂ ಪ್ರಾಕೃತದಲ್ಲಿ. ಇಸಿಲದ ಸಣ್ಣವರು ಏನೆಂದರೆಂದು ಯಾರೂ ಕೆತ್ತಿಡಲಿಲ್ಲ. ಇಪ್ಪತ್ತನೆಯ ಶತಮಾನದ ನಡುಗಾಲದ ಚಳವಳಿಗಳನ್ನು ಈ ನೆಲದಲ್ಲಿ ನಿಂತು ನೋಡಿದರೆ ಮೊದಲು ಕಾಣುವುದು ಮಾತಿನ ದಿಕ್ಕು ಬದಲಾದದ್ದು: ಊರು ಸರ್ಕಾರಕ್ಕೆ ಹೇಳತೊಡಗಿತು. ಹೇಗೆ ಬದಲಾಯಿತು ಎಂದರೆ ಸ್ವಾತಂತ್ರ್ಯ, ಸಮಾನತೆಗಳಂಥ ತತ್ವಗಳನ್ನು ಮುಂದೆ ಮಾಡುವುದು ವಾಡಿಕೆ. ನನ್ನ ವಾದ ಅದಲ್ಲ. ಜನ ದಿನಾ ಮುಟ್ಟುವ, ಕಣ್ಣೆದುರಿಗಿರುವ ಒಂದು ವಸ್ತುವಿನಲ್ಲಿ ಅನ್ಯಾಯ ಕೈಗೆ ಸಿಕ್ಕಾಗಲೇ ಇಲ್ಲಿ ಅಸಮಾಧಾನ ಚಳವಳಿಯಾಯಿತು.

ಚಿತ್ರದುರ್ಗ ಸೀಮೆಯಲ್ಲಿ ಆ ವಸ್ತು ಈಚಲ ಮರ. 1938ರ ಏಪ್ರಿಲ್‌ನಲ್ಲಿ ಶಿವಪುರದ ಧ್ವಜ ಸತ್ಯಾಗ್ರಹ, ಅದೇ ತಿಂಗಳ 25ರಂದು ವಿದುರಾಶ್ವತ್ಥದ ಗೋಲಿಬಾರು ಮೈಸೂರು ಸಂಸ್ಥಾನವನ್ನು ಅಲುಗಿಸಿದ್ದವು. 1939ರಲ್ಲಿ ತುರುವನೂರಿನ ಜನ ಬಾವುಟ ಹಾರಿಸುವುದರ ಜೊತೆಗೆ ಕೊಡಲಿಯನ್ನೂ ಹಿಡಿದು ಈಚಲ ಮರ ಕಡಿದರು. ಇದನ್ನು ಕೇವಲ ಪಾನನಿರೋಧದ ಉತ್ಸಾಹವೆಂದು ಓದುವವರಿದ್ದಾರೆ. ಅದು ಅರ್ಧ ಓದು. ಮರ ನಿಂತದ್ದು ಊರ ಹಳ್ಳದ ದಂಡೆಯಲ್ಲಿ, ಅದರ ಮೇಲಿನ ಹಕ್ಕು ಸರ್ಕಾರದ್ದು, ಹೆಂಡದ ಅಂಗಡಿ ಹರಾಜಿನಲ್ಲಿ ಕೂಗಿದ ಗುತ್ತಿಗೆದಾರನದು, ಕುಡಿತದಿಂದ ಬರಿದಾದ ಮನೆ ಊರಿನದು. ರಾಜ್ಯದ ಬೊಕ್ಕಸಕ್ಕೂ ಬಡವನ ಒಲೆಗೂ ಇರುವ ನಂಟನ್ನು ಯಾವ ಭಾಷಣವೂ ಇಷ್ಟು ಸ್ಪಷ್ಟವಾಗಿ ತೋರಿಸಲಾರದು. ಆದ್ದರಿಂದಲೇ ಒಂದು ಮರ ಕಡಿಯುವುದು ಅರಣ್ಯ ಕಾನೂನು, ಅಬ್ಕಾರಿ ಎರಡನ್ನೂ ಒಟ್ಟಿಗೆ ಧಿಕ್ಕರಿಸಿದಂತಾಗುತ್ತಿತ್ತು. ಚಿತ್ರದುರ್ಗದಲ್ಲಿ ವಕೀಲಿ ಮಾಡುತ್ತಿದ್ದ ಎಸ್. ನಿಜಲಿಂಗಪ್ಪನವರು ಈ ಹೋರಾಟದಲ್ಲಿ ಜೈಲು ಕಂಡರು. ಹೆಂಡ ಇಳಿಸಿ ಬದುಕುತ್ತಿದ್ದವರ ಅನ್ನಕ್ಕೆ ಕೊಡಲಿ ಬಿತ್ತಲ್ಲವೇ ಎಂಬ ಆಕ್ಷೇಪ ಮಾತ್ರ ನ್ಯಾಯವಾದದ್ದು. ಬಿತ್ತು. ಮರವನ್ನು ಸರ್ಕಾರದ ಗುರುತಾಗಿ ಕಂಡವರಿಗೆ ಮರ ಹತ್ತುವವನು ಕಾಣಲಿಲ್ಲ. ಕೈಗೆ ಸಿಕ್ಕ ವಸ್ತುವಿನ ಬಲವನ್ನು ಎತ್ತಿ ಹಿಡಿಯುವ ನಾನು ಅದರ ಈ ಕುರುಡನ್ನೂ ಒಪ್ಪಿಕೊಳ್ಳಲೇಬೇಕು.

ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದದ್ದು: ವಕೀಲರು, ಪಕ್ಷಗಳು, ಹೊರಗಿನ ನಾಯಕರು ಬಂದು ಎಬ್ಬಿಸದೆ ಹಳ್ಳಿ ಏಳುತ್ತಿರಲಿಲ್ಲ ಎಂಬುದು. ಇದಕ್ಕೆ ಉತ್ತರ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿದೆ. ಅಲ್ಲಿಯ ವಸ್ತು ಕೊಳಗ. ಗೇಣಿ ಭತ್ತ ಅಳೆದುಕೊಳ್ಳುವಾಗ ಒಡೆಯರ ಕೊಳಗ ದೊಡ್ಡದಾಗುತ್ತಿತ್ತು; ಸರ್ಕಾರಿ ಅಳತೆಯ ಕೊಳಗದಲ್ಲೇ ಅಳೆಯಿರಿ ಎಂದು ದೀವರ ಗೇಣಿದಾರರು ಕೇಳಿದರು. ಎಚ್. ಗಣಪತಿಯಪ್ಪನವರು ಊರೂರು ಅಲೆದು ರೈತ ಸಂಘ ಕಟ್ಟಿದರು. ಒಡೆಯರು ಭೂಮಿ ಬಿಡಿಸಿದಾಗ, 1951ರ ಏಪ್ರಿಲ್‌ನಲ್ಲಿ, ಗೇಣಿದಾರರು ಅದೇ ಗದ್ದೆಗೆ ನೇಗಿಲು ಹೊತ್ತು ಇಳಿದು ಬಂಧನಕ್ಕೊಳಗಾದರು. ಶಾಂತವೇರಿ ಗೋಪಾಲಗೌಡರೂ ಸಮಾಜವಾದಿ ಪಕ್ಷವೂ ಬೆನ್ನಿಗೆ ನಿಂತರು, ನಿಜ. ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದದ್ದರಿಂದ ದೇಶಕ್ಕೆ ಕಾಗೋಡಿನ ಹೆಸರು ತಿಳಿಯಿತು, ಅದೂ ನಿಜ. ಆದರೆ ಲೋಹಿಯಾ ಬಂದದ್ದು ಜೂನ್‌ನಲ್ಲಿ. ಕಣದಲ್ಲಿ ಕೊಳಗದ ಜಗಳ ಎಷ್ಟೋ ಮೊದಲೇ ಹೊತ್ತಿಕೊಂಡಿತ್ತು. ತತ್ವ ವಸ್ತುವನ್ನು ಹುಡುಕಿಕೊಂಡು ಬಂತು. ಗೇಣಿದಾರರಿಗೆ ಕೂಡಲೇ ಗೆಲುವು ಸಿಗಲಿಲ್ಲವೆಂದು ಅದನ್ನು ಸೋಲೆನ್ನುವವರು 1974ರ ಭೂಸುಧಾರಣೆಯವರೆಗೆ ಕಣ್ಣು ಹಾಯಿಸಬೇಕು. ಅಳತೆಯ ಪ್ರಶ್ನೆ ಇಪ್ಪತ್ತಮೂರು ವರ್ಷಗಳಲ್ಲಿ ಒಡೆತನದ ಪ್ರಶ್ನೆಯಾಗಿ ಬೆಳೆದಿತ್ತು.

ಹಾಗಾದರೆ ಕನ್ನಡ ನಾಡಿನ ಏಕೀಕರಣ? ಗಡಿಯೆಂಬುದು ಕೈಗೆ ಸಿಗುವ ವಸ್ತುವೇ? ಬ್ರಹ್ಮಗಿರಿ ಇರುವ ಮೊಳಕಾಲ್ಮೂರು ಇಲ್ಲಿ ಒಳ್ಳೆಯ ಸಾಕ್ಷಿ. ಮದ್ರಾಸ್ ಪ್ರಾಂತದ ಬಳ್ಳಾರಿ, ಅನಂತಪುರ ಜಿಲ್ಲೆಗಳ ನಡುವೆ ಚಾಚಿಕೊಂಡಿದ್ದ ಮೈಸೂರಿನ ತಾಲ್ಲೂಕಿದು. ಗಡಿ ಮನೆಯಂಗಳದಲ್ಲೇ ಇತ್ತು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರಿಗೆ ಬಂತು, ಪಕ್ಕದ ರಾಯದುರ್ಗ ಆಂಧ್ರಕ್ಕೆ ಹೋಯಿತು. ಆದರೂ ಚಳವಳಿ ಕಾವೇರಿದ್ದು ಹುಬ್ಬಳ್ಳಿಯಲ್ಲಿ, ಬಳ್ಳಾರಿಯಲ್ಲಿ. ಅಲ್ಲಿಯ ಕನ್ನಡಿಗನಿಗೆ ಕಚೇರಿಯ ಕಾಗದದಲ್ಲಿ, ನ್ಯಾಯಾಲಯದ ಮಾತಿನಲ್ಲಿ ಪರಭಾಷೆ ಎದುರಾಗುತ್ತಿತ್ತು. ಮೈಸೂರಿನವನ ಅರ್ಜಿ ಆಗಲೇ ಕನ್ನಡದಲ್ಲಿತ್ತು. ಹಳೆ ಮೈಸೂರಿನ ಹಿಂಜರಿಕೆಗೆ ಸ್ವಾರ್ಥ, ಜಾತಿಲೆಕ್ಕಾಚಾರಗಳನ್ನಷ್ಟೇ ಕಾರಣ ಮಾಡುವುದು ಪೂರ್ತಿ ಸರಿಯಲ್ಲ. ಅವೂ ಇದ್ದವು, ಆದರೆ ನೋವಿಗೆ ಹಿಡಿಕೆಯೂ ಇರಲಿಲ್ಲ. ಅಂದಿನ ಬಳ್ಳಾರಿ ಜಿಲ್ಲೆಯ ಹಲುವಾಗಲಿನಲ್ಲಿ ಹುಟ್ಟಿ ಚಿತ್ರದುರ್ಗದಲ್ಲಿ ಬೆಳೆದ ನಿಜಲಿಂಗಪ್ಪನವರಿಗೆ ಗಡಿಯ ಎರಡೂ ಕಡೆ ಗೊತ್ತಿತ್ತು. 1956ರ ನವೆಂಬರ್ 1ರಂದು ಒಂದಾದ ರಾಜ್ಯಕ್ಕೆ ಅವರೇ ಮೊದಲ ಮುಖ್ಯಮಂತ್ರಿಯಾದರು.

ನನ್ನ ವಾದಕ್ಕೆ ಅತ್ಯಂತ ಕಷ್ಟದ ಉದಾಹರಣೆಯನ್ನು ಕೊನೆಗಿಟ್ಟಿದ್ದೇನೆ. ಕೊರಚರು, ಕೊರಮರು ಅಪರಾಧಿ ಬುಡಕಟ್ಟುಗಳ ಕಾಯ್ದೆಯಡಿ ಹುಟ್ಟಿನಿಂದಲೇ ಕಳ್ಳರೆನಿಸಿದ್ದರು. ಹೆಸರು ನೋಂದಾಯಿಸಬೇಕಿತ್ತು, ಪೊಲೀಸರ ಮುಂದೆ ಹಾಜರಿ ಕೊಡಬೇಕಿತ್ತು. ಕೊಳಗಕ್ಕಿಂತ, ಈಚಲ ಮರಕ್ಕಿಂತ ಹತ್ತಿರದ ವಸ್ತು ಆ ಹಾಜರಿ ಪುಸ್ತಕ. ಆದರೂ ಅದರ ಸುತ್ತ ಕಾಗೋಡಿನಂಥದ್ದು ಹುಟ್ಟಲಿಲ್ಲ. 1952ರಲ್ಲಿ ಕಾಯ್ದೆಯನ್ನು ಸರ್ಕಾರವೇ ತೆಗೆಯಿತು. ಆದ್ದರಿಂದ ವಾದವನ್ನು ತಿದ್ದಬೇಕು. ವಸ್ತು ಕೈಗೆ ಸಿಕ್ಕರೆ ಸಾಲದು, ಅದರ ಸುತ್ತ ಜನ ಕೂಡಿ ನಿಲ್ಲುವಂತಿರಬೇಕು. ಕಣದಲ್ಲಿ ಹತ್ತು ಜನರೆದುರು ಕೊಳಗ ತುಂಬುತ್ತದೆ, ಹೆಚ್ಚು ತುಂಬಿದ್ದನ್ನು ಹತ್ತೂ ಜನ ಕಾಣುತ್ತಾರೆ. ಹಾಜರಿ ಪುಸ್ತಕದ ಮುಂದೆ ಒಬ್ಬೊಬ್ಬನನ್ನೇ ಕರೆಯುತ್ತಿದ್ದರು, ಅವನ ಹೆಸರು ಹಿಡಿದು. ಊರಿನ ಉಳಿದವರು, ಈಚಲ ಮರಕ್ಕೆ ಕೊಡಲಿ ಹಿಡಿದ ಸೀಮೆಯವರೂ, ಆ ಕರೆ ಸರಿಯೆಂದೇ ನಂಬಿದ್ದರು.